ಬುಡಕ್ಕೆ ಹಾಕಿದ ನೀರು

ಬಚ್ಚಲಿನಿಂದ ಹೊರಟ ನೀರು ಹಿತ್ತಲಿನ ತೆಂಗಿನ ಬುಡ ಸೇರುವ ಸದ್ದನ್ನು ರೇಣುಕಪ್ರಸಾದ್ ನಲವತ್ತೇಳು ವರ್ಷಗಳಿಂದ ಕೇಳುತ್ತಲೇ ಬಂದಿದ್ದ. ಅಂದರೆ ಒಂದು ದಿನವೂ ಕೇಳಿರಲಿಲ್ಲ. ಈಗ ಒಂಬತ್ತು ದಿನಗಳಿಂದ ಅದೊಂದೇ ಸದ್ದು ಕಿವಿಗೆ ಬೀಳುತ್ತಿದೆ. ಮೈಮೇಲೆ ಒಂದು ಚೊಂಬು ಸುರಿದುಕೊಂಡರೆ ಸಾಕು, ನೊರೆ ಕಟ್ಟಿದ ನೀರು ಗೋಡೆಯ ತೂತಿನಿಂದ ಆಚೆ ಬಿದ್ದು, ಸಣ್ಣ ಕಾಲುವೆಯಲ್ಲಿ ಗುಳುಗುಳು ಹರಿದು, ಪಾತಿಯಲ್ಲಿ ಒಂದು ಗಳಿಗೆ ನಿಂತು, ಇಂಗಿಹೋಗುತ್ತದೆ. ತಿಪಟೂರು ಸೀಮೆಯಲ್ಲಿ ಹುಟ್ಟಿದವನಿಗೆ ಬೇಡವಾದದ್ದೆಲ್ಲ ಹೋಗಿ ಸೇರುವ ಜಾಗ ಅದೊಂದೇ. ಪಾತ್ರೆ ತೊಳೆದ ನೀರು ಬುಡಕ್ಕೆ, ಒಲೆಯ ಬೂದಿ ಬುಡಕ್ಕೆ, ಹುಳಿ ಬಂದ ಮಜ್ಜಿಗೆ ಬುಡಕ್ಕೆ, ಶಿವನ ಮುಡಿಯಿಂದ ಇಳಿದು ಬಾಡಿದ ಹೂವೂ ಬುಡಕ್ಕೆ. ತೀರಿಹೋದ ಅವನ ತಾಯಿ ಚಿಕ್ಕಗೌರಮ್ಮ, ಯಾರಾದರೂ ಏನನ್ನಾದರೂ ಕೈಯಲ್ಲಿ ಹಿಡಿದು ಇದನ್ನೇನು ಮಾಡಲಿ ಎಂದು ಕೇಳಿದರೆ, ಮಾಡುತ್ತಿದ್ದ ಕೆಲಸದಿಂದ ತಲೆ ಎತ್ತದೆ, ಬುಡಕ್ಕೆ ಹಾಕು ಎನ್ನುತ್ತಿದ್ದಳು. ಹಾಕಿದ್ದನ್ನು ಮರ ತಿನ್ನುತ್ತದೆ, ತಿಂದದ್ದನ್ನು ಕಾಯಿ ಮಾಡಿ ಕೊಡುತ್ತದೆ. ಅಷ್ಟು ಗೊತ್ತಿದ್ದರೆ ಬದುಕು ಸಾಗುತ್ತಿತ್ತು. ಇವನು ಮಾತ್ರ ಈಗ ಬಚ್ಚಲಲ್ಲಿ ಚೊಂಬು ಹಿಡಿದು ನಿಂತುಬಿಟ್ಟಿದ್ದಾನೆ. ಹಂಡೆಯ ನೀರು ಆರುತ್ತಿದೆ. ಹೊರಗಿನಿಂದ ಹೆಂಡತಿ ಗಿರಿಜಾಂಬಿಕಾ ಎರಡು ಸಲ ಕೂಗಿಯಾಯಿತು.

ಇವತ್ತು ಹನ್ನೊಂದು ಗಂಟೆಗೆ ಕರೇಮರಡಿ ಹಟ್ಟಿಗೆ ಬೆಂಗಳೂರಿನಿಂದ ಜ್ಞಾನೇಶ್ ಎಂಬ ಅಧಿಕಾರಿ ಬರುತ್ತಾರೆ. ರೇಣುಕಪ್ರಸಾದ್ ಎರಡು ವರ್ಷದ ಹಿಂದೆ ಅಲ್ಲಿ ನಿಲ್ಲಿಸಿದ ನೀಲಿ ಡ್ರಮ್ಮನ್ನು ನೋಡಿ ಅವರು ಸರಿ ಎಂದರೆ, ಅಂಥವು ಇನ್ನೂ ನಲವತ್ತು ಊರಿಗೆ ಹೋಗುತ್ತವೆ. ಡ್ರಮ್ಮಿನಲ್ಲಿ ಜಾದೂ ಏನೂ ಇಲ್ಲ. ತೆಂಗಿನ ಚಿಪ್ಪನ್ನು ಸುಟ್ಟು, ಇದ್ದಿಲನ್ನು ನುಣ್ಣಗೆ ಅರೆದು, ಕಬ್ಬಿಣದ ಲವಣದಲ್ಲಿ ನೆನೆಸಿ ಕಾಯಿಸಿದರೆ ಒಂದು ಕರೀ ಪುಡಿಯಾಗುತ್ತದೆ. ಆ ಪುಡಿ ನೀರಿನಲ್ಲಿರುವ ಸೀಸವನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಅಯಸ್ಕಾಂತ ಕಂಡರೆ ಓಡಿಹೋಗಿ ತಾನೇ ಅದಕ್ಕೆ ಅಂಟಿಕೊಳ್ಳುತ್ತದೆ. ಬೋರ್‌ವೆಲ್ ನೀರಿಗೆ ಪುಡಿ ಹಾಕಿ ಅರ್ಧ ಗಂಟೆ ತಿರುವಬೇಕು, ಡ್ರಮ್ಮಿನ ಹೊರಗೆ ಅಯಸ್ಕಾಂತ ಹಿಡಿಯಬೇಕು, ಪುಡಿಯೆಲ್ಲ ಸೀಸದ ಸಮೇತ ಒಳಗಿನ ಗೋಡೆಗೆ ಕಚ್ಚಿಕೊಂಡ ಮೇಲೆ ನಲ್ಲಿ ತಿರುಗಿಸಿದರೆ ಬರುವುದು ತಿಳಿನೀರು. ಅಯಸ್ಕಾಂತಗಳನ್ನು ತಿಪಟೂರಿನ ಮೈಕ್‌ಸೆಟ್ ಅಂಗಡಿಗಳಲ್ಲಿ ಕೆಟ್ಟು ಬಿದ್ದಿದ್ದ ಸ್ಪೀಕರುಗಳಿಂದ ಅವನೇ ಕೂತು ಕಿತ್ತು ತಂದಿದ್ದ. ಹದಿನೈದು ವರ್ಷದಿಂದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ, ನಲವತ್ತೈದಕ್ಕೆ ಪಿಎಚ್‌ಡಿ, ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಇಂಥದ್ದೇ ತನ್ನ ಕುರ್ಚಿ ಎಂದಿಲ್ಲ. ಕೊಬ್ಬರಿ ಮಂಡಿ ನಡೆಸುವ ಭಾವಮೈದ ರಾಜಣ್ಣ ಹೋದ ವರ್ಷ ಒಂದು ಆರತಕ್ಷತೆಯಲ್ಲಿ, ಬೀಗರೆಲ್ಲ ಸುತ್ತ ನಿಂತಿರುವಾಗ, ಏನ್ ಭಾವ, ನಿಮ್ ಅಯಸ್ಕಾಂತಕ್ಕೆ ಪುಡಿ ಮಾತ್ರ ಅಂಟುತ್ತೋ, ಒಂದು ಪರ್ಮನೆಂಟ್ ಕೆಲಸಾನೂ ಅಂಟುತ್ತೋ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ಇವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಗಳಿಗೆ ಜಾಸ್ತಿಯೇ ನಕ್ಕಿದ್ದ. ಆ ಹೆಚ್ಚಿನ ಒಂದು ಗಳಿಗೆಯನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ.

ಆದರೆ ಅಂಟಿದ್ದನ್ನು ಬಿಡಿಸಲೂ ಬೇಕಲ್ಲ. ನಾಲ್ಕು ದಿನಕ್ಕೊಮ್ಮೆ ಪುಡಿಯ ಮೈತುಂಬ ಸೀಸ ತುಂಬಿ ಇನ್ನು ಜಾಗವಿಲ್ಲ ಎನ್ನುವ ಹೊತ್ತಿಗೆ, ಅದನ್ನು ಆಮ್ಲ ಬೆರೆಸಿದ ನೀರಿನಲ್ಲಿ ತೊಳೆದು ಮತ್ತೆ ಬಳಸಬೇಕು. ಹಟ್ಟಿಯವರು ಅದಕ್ಕೆ ಹುಳಿನೀರು ಎಂದು ಹೆಸರಿಟ್ಟಿದ್ದರು. ನಾಲ್ಕು ದಿನ ಇಡೀ ಹಟ್ಟಿ ಕುಡಿಯಬೇಕಾಗಿದ್ದ ವಿಷವೆಲ್ಲ ಎರಡು ಬಿಂದಿಗೆ ಹುಳಿನೀರಿಗೆ ಬಂದು ಕೂರುತ್ತದೆ. ಅದನ್ನು ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಕಾಲೇಜಿಗೆ ತಲುಪಿಸಬೇಕು ಎಂದು ಗೋಡೆಗೆ ಅಂಟಿಸಿದ ಸೂಚನೆಯಲ್ಲಿ ಅವನೇ ಬರೆದಿದ್ದ. ಮೊದಲ ಎರಡು ತಿಂಗಳು ಬೈಕಿನ ಹಿಂದೆ ಕಟ್ಟಿಕೊಂಡು ತಂದದ್ದೂ ಉಂಟು. ಆಮೇಲೆ ಕಾಲೇಜಿನ ಸ್ಟೋರಿನವರು ಇದನ್ನೆಲ್ಲ ಇಲ್ಲಿಟ್ಟರೆ ನಾಳೆ ಹೊಣೆ ಯಾರು ಎಂದು ಬಾಗಿಲಲ್ಲೇ ತಡೆದರು. ಪ್ರಿನ್ಸಿಪಾಲರನ್ನು ಕೇಳೋಣವೆಂದುಕೊಂಡು ಇವನು ಕೇಳಲಿಲ್ಲ. ಎರಡು ಭಾನುವಾರ ಹಟ್ಟಿಗೆ ಹೋಗಲಾಗಲಿಲ್ಲ. ಆಗ ಬಿಳಿಗೆರೆಯಲ್ಲಿ ಒಂದು ಮದುವೆಮನೆ. ಎಲೆಯ ಮೇಲೆ ಮೊಸರನ್ನ. ಭುಜ ಮತ್ತು ಕಿವಿಯ ನಡುವೆ ಫೋನು. ಡ್ರಮ್ಮಿನ ಉಸ್ತುವಾರಿ ಹೊತ್ತ ಬೋರಕ್ಕ ಆ ಕಡೆಯಿಂದ, ಕ್ಯಾನೆಲ್ಲ ತುಂಬೋದ್ವು ಮೇಷ್ಟ್ರೇ, ಹುಳಿನೀರು ಏನ್ ಮಾಡ್ಲಿ ಎಂದಳು. ಪಕ್ಕದಲ್ಲಿ ಬಡಿಸುವವರು ಪಾಯಸದ ಬಕೆಟ್ ಹಿಡಿದು ನಿಂತಿದ್ದರು. ಸದ್ಯಕ್ಕೆ ಬುಡಕ್ಕೆ ಹಾಕಮ್ಮ ಎಂದ. ಅಷ್ಟೇ. ಬೋರಕ್ಕ ಇನ್ನೊಂದು ಸಲ ಕೇಳಲಿಲ್ಲ, ಇವನೂ ವಿಚಾರಿಸಲಿಲ್ಲ. ಆ ಸದ್ಯಕ್ಕೆ ಇವತ್ತಿಗೆ ಇಪ್ಪತ್ತು ತಿಂಗಳು. ಪಿಎಚ್‌ಡಿ ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರೂ ಇದೇ ಪ್ರಶ್ನೆ ಕೇಳಿದ್ದರು, ತೊಳೆದ ನೀರನ್ನೇನು ಮಾಡುತ್ತೀರಿ ಎಂದು. ಸುಣ್ಣ ಹಾಕಿ ಸೀಸವನ್ನು ತಳಕ್ಕಿಳಿಸಿ, ಬೇರ್ಪಡಿಸಿ, ಮೊಹರು ಮಾಡಿ ಇಡುವ ವಿಧಾನವನ್ನು ಒಂದೇ ಉಸಿರಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಒಪ್ಪಿಸಿದ್ದ. ಇಂಗ್ಲಿಷಿನಲ್ಲಿ ಗೊತ್ತಿದ್ದ ಉತ್ತರ ಬೋರಕ್ಕ ಕೇಳಿದಾಗ ಎಲ್ಲಿ ಹೋಗಿತ್ತು? ಅವತ್ತು ಫೋನಿನಲ್ಲಿ ಮಾತಾಡಿದ್ದು ತಾನಲ್ಲ, ತನ್ನ ತಾಯಿ ಎಂದು ಅವನಿಗೆ ಎಷ್ಟೋ ಸಲ ಅನ್ನಿಸುತ್ತದೆ. ಸತ್ತ ತಾಯಿಯ ತಲೆಗೆ ಕಟ್ಟುವ ಇಂಥ ಬುದ್ಧಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತದೆ.

ಹೋದ ತಿಂಗಳು ಹಟ್ಟಿಗೆ ಹೋಗಿದ್ದಾಗ, ಬೋರಕ್ಕ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಅಂಗಳದಾಚೆಯ ಮರದ ಕಡೆ ನಡೆದದ್ದನ್ನು ಅವನು ಕಣ್ಣಾರೆ ಕಂಡ. ಆ ಬಿಂದಿಗೆಯಲ್ಲಿ ಏನಿದೆ ಎಂದು ಕೇಳಬೇಕಾಗಲೇ ಇಲ್ಲ. ಅವಳು ಪಾತಿಗೆ ನಿಧಾನವಾಗಿ, ಸುತ್ತ ತಿರುಗಿ, ಮಗುವಿಗೆ ಎರೆದಂತೆ ಸುರಿದಳು. ಅವನು ಬಾಯಾರಿಕೆ ಎಂದು ಸುಳ್ಳು ಹೇಳಿ ಅದೇ ಮರದ ಎಳನೀರು ಕೊಚ್ಚಿಸಿಕೊಂಡು, ಕುಡಿದ ಹಾಗೆ ಮಾಡಿ, ಬೇಲಿಯ ಮರೆಗೆ ಹೋಗಿ ಬಾಟಲಿಗೆ ತುಂಬಿಕೊಂಡ. ತುಮಕೂರಿನ ಗೆಳೆಯನ ಲ್ಯಾಬಿಗೆ ಹೆಸರಿಲ್ಲದೆ, ಬರೀ ನಂಬರು ಹಾಕಿ ಕಳಿಸಿದ. ಹೋದ ವಾರದ ಮಂಗಳವಾರ ಮೊಬೈಲಿಗೆ ಉತ್ತರ ಬಂತು. ಬೋರ್‌ವೆಲ್ಲಿನಲ್ಲಿ ಸೀಸ ಮಿತಿಯ ನಾಲ್ಕು ಪಟ್ಟು ಇದೆಯೆಂದು ಇವನು ಡ್ರಮ್ಮು ನಿಲ್ಲಿಸಿದ್ದು. ಎಳನೀರಿನಲ್ಲಿ ಆರು ಪಟ್ಟು ಇತ್ತು. ಆಗಲೇ ಫೋನ್ ಮಾಡಿದ. ನಿಜವಾಗಿ ಹೇಳಲೆಂದೇ ಮಾಡಿದ. ಇವನು ಬಾಯಿ ತೆರೆಯುವ ಮೊದಲೇ ಬೋರಕ್ಕ ಸಂತೋಷದಿಂದ, ಮಗಳು ಕೋಮಲಾ ಚೊಚ್ಚಲ ಬಸುರಿ, ಏಳು ತುಂಬಿತು, ತವರಿಗೆ ಬಂದು ತಿಂಗಳಾಯಿತು, ಅನ್ನ ಸೇರುವುದಿಲ್ಲ, ದಿನಕ್ಕೊಂದು ಎಳನೀರಿನ ಮೇಲೆ ಇದ್ದಾಳೆ, ನಿಮ್ಮ ಹುಳಿನೀರು ಕುಡಿದ ಮರದ್ದೇ, ಅದರಷ್ಟು ಸಿಹಿ ಯಾವ ಮರದಲ್ಲೂ ಇಲ್ಲ ಎಂದಳು. ಸೀಸದ ಒಂದು ಲವಣ ನಾಲಿಗೆಗೆ ಸಿಹಿ ಎಂದು ಅವನು ಎರಡನೇ ಬಿಎಸ್ಸಿಗೆ ಪಾಠ ಮಾಡುತ್ತಾನೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ರುಚಿಗೆ ಸಿಕ್ಕುವುದಿಲ್ಲ ಎಂದೂ ಗೊತ್ತು. ಆದರೂ ಆ ಸಿಹಿ ಎಂಬ ಮಾತಿನ ಮುಂದೆ ಹೇಳಬೇಕೆಂದಿದ್ದದ್ದು ಹಿಂದೆ ಸರಿಯಿತು. ಡ್ರಮ್ಮು ಸರಿಯಿದೆಯಾ ಎಂದು ಕೇಳಿ ಫೋನಿಟ್ಟ.

ಒಂಬತ್ತು ದಿನ. ಒಬ್ಬ ಮನುಷ್ಯನಿಗೆ ಬಾಯಿ ಬಿಡಲು ಒಂಬತ್ತು ದಿನ ಬೇಕೆ? ಮೊದಲ ದಿನ, ಇನ್ನೊಂದು ಸಲ ಪರೀಕ್ಷೆ ಮಾಡಿಸದೆ ಹೆದರಿಸುವುದು ವಿಜ್ಞಾನಿಯ ಲಕ್ಷಣವಲ್ಲ ಎಂದುಕೊಂಡ. ಎರಡನೆಯ ದಿನ ಜ್ಞಾನೇಶ್ ಅವರ ಭೇಟಿಯ ಪತ್ರ ಬಂತು. ಅದೊಂದು ಆಗಿಬಿಡಲಿ ಎಂದುಕೊಂಡ. ಭಾನುವಾರ ಬೈಕ್ ಹತ್ತಿ ಅರ್ಧ ದಾರಿ ಹೋಗಿ, ಪೆಟ್ರೋಲ್ ಸಾಲದೆಂದು ತನಗೆ ತಾನೇ ಹೇಳಿಕೊಂಡು ವಾಪಸು ಬಂದ. ಪೆಟ್ರೋಲ್ ಇತ್ತು. ಈ ನಡುವೆ ದಿನಕ್ಕೊಂದು ಎಳನೀರು ನಡೆಯುತ್ತಲೇ ಇತ್ತು. ಬೆಳಗ್ಗೆ ಎದ್ದ ಕೂಡಲೇ ಮೊದಲು ನೆನಪಾಗುವುದೇ ಅದು, ಇವತ್ತಿನದು ಇಷ್ಟನೆಯದು ಎಂದು. ಇಂಥವನನ್ನು ಏನೆಂದು ಕರೆಯಬೇಕು? ಪಾಪಿ ಎನ್ನಲು ಕೂಡ ಒಂದು ತೂಕ ಬೇಕು. ಇವನಿಗೆ ಅದೂ ಇಲ್ಲ.

ತಿಂಡಿಗೆ ಕೂತಾಗ ಗಿರಿಜಾಂಬಿಕಾ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ, ಹಣೆಗೆ ವಿಭೂತಿ ಮರೆತದ್ದನ್ನು ನೆನಪಿಸಿದಳು. ಸಾಹೇಬರ ಮುಂದೆ ಕೈಕಟ್ಟಿ ನಿಲ್ಲಬೇಡಿ, ನಿಮ್ಮ ಕೆಲಸ, ನೀವೇ ಮಾತಾಡಿ ಎಂದಳು. ಇಷ್ಟು ವರ್ಷ ಅವಳು ತವರಿನವರ ಮುಂದೆ ಇವನ ಪರವಾಗಿ ಎಷ್ಟು ಸಲ ಬಾಯಿ ಮಾಡಿದ್ದಾಳೆಂದು ಇವನಿಗೆ ಗೊತ್ತು. ಹೇಳಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಅವಳೇ ತಟ್ಟೆಗೆ ಚಟ್ನಿ ಬಡಿಸುತ್ತ, "ಅಲ್ಲಾ, ಒಂದು ವಾರದಿಂದ ನೋಡ್ತಿದೀನಿ, ನೀವು ಎಳನೀರೇ ಮುಟ್ಟುತ್ತಿಲ್ವಲ್ಲ. ಯಾಕ್ರೀ?" ಎಂದಳು. ಇವನು ಅಲ್ಲಿಯವರೆಗೆ ಅದನ್ನು ಗಮನಿಸಿರಲಿಲ್ಲ. ತನ್ನ ಹಿತ್ತಲಿನ, ಯಾವ ದೋಷವೂ ಇಲ್ಲದ ಮರದ ನೀರನ್ನು ತಾನು ಬಿಟ್ಟಿದ್ದಾನೆ. ತನ್ನ ನಾಲಿಗೆಯನ್ನು ತಾನು ಜೋಪಾನ ಮಾಡಿಕೊಂಡಿದ್ದಾನೆ. ಶೀತ ಎಂದ. ಅವಳು ನಂಬಿ ಬಿಸಿನೀರು ತರಲು ಒಳಗೆ ಹೋದಳು.

ಶೆಟ್ಟಿಕೆರೆಯ ತನಕ ದಾರಿಯ ಎರಡೂ ಕಡೆ ತೋಟ. ಎಲ್ಲ ಮರಗಳಿಗೂ ಪಾತಿ, ಎಲ್ಲ ಪಾತಿಗಳಲ್ಲೂ ಏನೋ ಒಂದು: ಮಟ್ಟೆ, ಬೂದಿ, ಕೊಟ್ಟಿಗೆಯ ಕಸ. ಬೈಕಿನ ಮೇಲೆ ಹೋಗುತ್ತ ಅವನು ಮಾತುಗಳನ್ನು ಜೋಡಿಸಿಕೊಂಡ. ಮೊದಲು ಜ್ಞಾನೇಶ್ ನೋಡಿಕೊಂಡು ಹೋಗಲಿ. ಅವರ ಜೀಪು ಮರೆಯಾದ ಮೇಲೆ ಬೋರಕ್ಕನನ್ನು ಪಕ್ಕಕ್ಕೆ ಕರೆದು, ಆ ಮರಕ್ಕೆ ಏನೋ ರೋಗ ತಗುಲಿದೆ, ಅದರ ಕಾಯಿ ಮುಟ್ಟಬೇಡಿ ಎನ್ನುವುದು. ರೋಗ ಎಂದರೆ ಸಾಕು, ತೆಂಗಿನ ನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಕೋಮಲಾಳನ್ನು ಯಾವುದೋ ನೆಪ ಹೇಳಿ ರಕ್ತಪರೀಕ್ಷೆಗೆ ಕರೆದೊಯ್ಯುವುದು. ಎಲ್ಲವೂ ಸರಿಹೋಗುತ್ತದೆ, ನಲವತ್ತು ಊರಿನ ಜನಕ್ಕೂ ಒಳ್ಳೆಯದಾಗುತ್ತದೆ. ಶೆಟ್ಟಿಕೆರೆಯಲ್ಲಿ ಟೀ ಕುಡಿಯಲು ಇಳಿದಾಗ ಈ ಏರ್ಪಾಡು ಎಷ್ಟು ಅಚ್ಚುಕಟ್ಟಾಗಿ ಕಂಡಿತೆಂದರೆ, ಒಂಬತ್ತು ದಿನದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು. ಒಂದು ಬನ್ನು ತಿಂದ. ತಿನ್ನುತ್ತಿರುವಾಗಲೇ, ಹಟ್ಟಿಯವರು ತನಗೆ ಇಷ್ಟು ಸುಲಭವಾಗಿ ಮೋಸ ಹೋಗುವವರಂತೆ ಕಾಣುತ್ತಿರುವುದು ಯಾಕೆ ಎಂಬ ಪ್ರಶ್ನೆ ಎದ್ದಿತು. ಇದೇ ಕೆಲಸ ರಾಜಣ್ಣನ ತೋಟದಲ್ಲಿ ಆಗಿದ್ದರೆ, ರಾಜಣ್ಣನ ಮಗಳು ಬಸುರಿಯಾಗಿದ್ದರೆ, ಮಂಗಳವಾರ ಸಂಜೆಯೇ ಬಾಗಿಲು ಬಡಿಯುತ್ತಿದ್ದೆನಲ್ಲ ಎಂದುಕೊಂಡ. ಅರ್ಧ ಬನ್ನನ್ನು ಕಾಗದದಲ್ಲಿ ಸುತ್ತಿ ಬೈಕಿನ ಚೀಲಕ್ಕೆ ಹಾಕಿದ.

ಹಟ್ಟಿಯಲ್ಲಿ ಅವನಿಗಿಂತ ಮೊದಲೇ ಜೀಪು ಬಂದಿತ್ತು. ಜ್ಞಾನೇಶ್ ಚಿಕ್ಕ ವಯಸ್ಸಿನವರು, ಮಾತು ಕಡಿಮೆ, ಎಲ್ಲವನ್ನೂ ಬರೆದುಕೊಳ್ಳುವ ಸ್ವಭಾವ. ಬೋರಕ್ಕ ಹಬ್ಬಕ್ಕೆ ಉಡುವ ಸೀರೆ ಉಟ್ಟು ಡ್ರಮ್ಮಿನ ಪಕ್ಕ ನಿಂತಿದ್ದಳು. ಯಾರೂ ಹೇಳಿಕೊಡದೆ ಪುಡಿ ಹಾಕಿದಳು, ಕೋಲಿನಿಂದ ತಿರುವಿದಳು, ಆಗಾಗ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು, ಹೊತ್ತು ಸರಿಯಾಗಿ ನೋಡಿ ಅಯಸ್ಕಾಂತ ಹಿಡಿದಳು. ಮಸಿಯಂತಿದ್ದ ನೀರು ಕಣ್ಣೆದುರೇ ತಿಳಿಯಾಯಿತು. ಜ್ಞಾನೇಶ್ ಬಗ್ಗಿ ನೋಡಿ ಅವನತ್ತ ತಿರುಗಿ, ತುಂಬ ಚೆನ್ನಾಗಿದೆ ಡಾಕ್ಟರೇ ಎಂದರು. ಡಾಕ್ಟರೇ ಎಂದು ಅವನನ್ನು ಯಾರೂ ಕರೆದಿರಲಿಲ್ಲ. ಮೈಯಲ್ಲಿ ಒಂದು ಸುಖ ಹರಿದದ್ದು ನಿಜ. ಇಂಥ ಹೊತ್ತಿನಲ್ಲೂ ಹರಿಯಿತಲ್ಲ ಎಂದು ನಾಚಿಕೆಯಾದದ್ದೂ ನಿಜ. ಆಮೇಲೆ ಜ್ಞಾನೇಶ್, ಬರೆಯುತ್ತಲೇ, ಪುಡಿ ತೊಳೆದ ನೀರನ್ನು ಏನು ಮಾಡುತ್ತೀಯಮ್ಮ ಎಂದು ಕೇಳಿದರು.

ಬೋರಕ್ಕನಿಗೆ ಓದು ಬಾರದು. ಗೋಡೆಯ ಮೇಲಿನ ಸೂಚನೆಗಳನ್ನು ಮಗಳಿಂದ ಓದಿಸಿ ಈ ವಾರವೆಲ್ಲ ಬಾಯಿಪಾಠ ಮಾಡಿದ್ದಳಂತೆ. "ಕ್ಯಾನಿಗೆ ತುಂಬಿ ಮುಚ್ಳ ಬಿಗೀತೀನಿ ಸ್ವಾಮಿ. ಮೇಷ್ಟ್ರು ಬಂದು ಕಾಲೇಜಿಗೆ ತಗೊಂಡೋಗ್ತಾರೆ," ಎಂದಳು, ಒಂದಿಷ್ಟೂ ತಡವರಿಸದೆ. ಹೇಳಿ ಮುಗಿಸಿ, ಸರಿಹೋಯ್ತಾ ಎಂಬಂತೆ ರೇಣುಕಪ್ರಸಾದನ ಕಡೆ ನೋಡಿದಳು. ಅವಳ ಪಾಲಿಗೆ ಅದು ಮೇಷ್ಟ್ರ ಒಂದು ಸಣ್ಣ ಸೋಮಾರಿತನ, ದೊಡ್ಡವರೆದುರು ಮುಚ್ಚಿಕೊಡಬೇಕಾದದ್ದು. ಅವನು ಕಣ್ಣು ತಗ್ಗಿಸಿದ. ಜ್ಞಾನೇಶ್ ಬರೆದುಕೊಂಡು, ಕೆಳಗೆ ಒಂದು ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿದರು. ಅಲ್ಲಿಗೆ ಎಲ್ಲವೂ ಆಗಿಹೋಯಿತು.

ಬೋರಕ್ಕನ ಗಂಡ ಎತ್ತಪ್ಪ ಬೆಳಗ್ಗೆ ಎಳನೀರು ಕೆಡವಿಟ್ಟು ಮತ್ತೆ ಕುರಿಗಳ ಹಿಂದೆ ಹೋಗಿದ್ದ. ಬಂದವರನ್ನು ಬರಿಗೈಲಿ ಕಳಿಸುವುದುಂಟೇ ಎಂದು ಬೋರಕ್ಕ ಮೂರನ್ನು ಕೊಚ್ಚಿದಳು. ಒಂದು ಸಾಹೇಬರಿಗೆ, ಒಂದು ಮೇಷ್ಟ್ರಿಗೆ, ಮೂರನೆಯದು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಕೋಮಲಾಳಿಗೆ. ಯಾವ ಮರದ್ದೆಂದು ಕೇಳಬೇಕಾಗಿರಲಿಲ್ಲ. ದೊಡ್ಡವರು ಕುಡಿಯಲಿ ಎಂದು ಹುಡುಗಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ತೆಳ್ಳನೆಯ ಕೈ, ಹಸಿರು ಬಳೆ, ಮುಖ ಮಾತ್ರ ಬಿಳಚಿಕೊಂಡಿತ್ತು. ಅವನು ಅವಳನ್ನು ನೋಡಿದ, ನೋಡುತ್ತಲೇ ಇದ್ದ. ಜ್ಞಾನೇಶ್ ಎಳನೀರನ್ನು ತುಟಿಯ ಹತ್ತಿರ ತಂದರು.

"ಕುಡೀಬೇಡಿ ಸಾರ್," ಎಂದ ರೇಣುಕಪ್ರಸಾದ್.

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಸಾರ್. ಒಂಬತ್ತು ದಿನ ಒಂದು ಬಸುರಿಗಾಗಿ ತೆರೆಯದ ಬಾಯಿ ಒಬ್ಬ ಸಾಹೇಬರ ಒಂದು ಗುಟುಕಿಗೆ ತೆರೆದಿತ್ತು. ಇನ್ನು ನಿಲ್ಲಿಸಲು ಬರುವಂತಿರಲಿಲ್ಲ. ಮದುವೆಮನೆಯ ಫೋನಿನಿಂದ ಹಿಡಿದು ಮಿತಿಯ ಆರು ಪಟ್ಟಿನ ತನಕ ಎಲ್ಲವನ್ನೂ ಹೇಳಿದ, ಇವಳದೇನೂ ತಪ್ಪಿಲ್ಲ, ಬುಡಕ್ಕೆ ಹಾಕು ಎಂದದ್ದು ನಾನೇ ಎಂದ. ರೋಗ ಎನ್ನಲಿಲ್ಲ, ವಿಷ ಎಂದೇ ಅಂದ. ಜ್ಞಾನೇಶ್ ಎಳನೀರನ್ನು ನೆಲದ ಮೇಲಿಟ್ಟು, ಒದ್ದೆಯಾಗದ ಕೈಯನ್ನು ಕರವಸ್ತ್ರದಿಂದ ಒರೆಸಿಕೊಂಡರು. ಈ ಹುಡುಗಿಗೆ ಇವತ್ತೇ ರಕ್ತಪರೀಕ್ಷೆ ಆಗಬೇಕು, ತುಮಕೂರಿಗೆ ನನ್ನ ಜೀಪಿನಲ್ಲೇ ಹೋಗಲಿ ಎಂದರು. ಮಿಕ್ಕದ್ದು, ನಲವತ್ತು ಊರಿನ ಮಾತು, ಅವರು ಎತ್ತಲಿಲ್ಲ. ಫೈಲು ಕಂಕುಳಲ್ಲಿಟ್ಟುಕೊಂಡು ಫೋನ್ ಮಾಡಲು ಜೀಪಿನ ಕಡೆ ಹೋದರು. ರೇಣುಕಪ್ರಸಾದನಿಗೆ ಅಳು ಬಂದಂತಾಯಿತು, ಅದರ ಜೊತೆಗೇ ಎದೆ ಹಗುರವೂ ಆಯಿತು. ಕೊನೆಗೂ ಹೇಳಿದೆನಲ್ಲ, ಕಳೆದುಕೊಂಡರೂ ಮನುಷ್ಯನಾಗಿ ಉಳಿದೆನಲ್ಲ ಎಂದುಕೊಂಡ.

ಬೋರಕ್ಕ ಮಗಳ ಕೈಯಿಂದ ಎಳನೀರು ತೆಗೆದುಕೊಂಡು ಚೆಲ್ಲಲು ಹೊರಟು, ಅಂಗಳದ ನಡುವೆ ನಿಂತಳು. ಮರದ ಕಡೆ ಒಂದು ಹೆಜ್ಜೆ ಇಟ್ಟು ಹಿಂದೆ ತೆಗೆದಳು. "ಇದ್ನ ಎಲ್ಲಿ ಚೆಲ್ಲಲಿ ಮೇಷ್ಟ್ರೇ?" ಎಂದು ಕೇಳಿದಳು. ಅವನು ಚೆಲ್ಲಬೇಡ, ಅಲ್ಲೇ ಇಡು ಎಂದ. ಅವಳು ಅದನ್ನು ಹುಷಾರಾಗಿ ಕಲ್ಲಿನ ಮೇಲೆ ಇಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೋಗಿ ಬಿಟ್ಟು, ಅವನೆದುರು ಬಂದು ನಿಂತಳು. ಬೈಯುತ್ತಾಳೆ, ಬೈಯಲಿ, ಕಾಲಿನದು ಕಳಚಿ ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ಅವನು ಸಿದ್ಧನಾದ. ಅವಳ ದನಿ ಏರಲಿಲ್ಲ.

"ನಿಮ್ಗೆ ಗೊತ್ತಾಗಿ ಎಷ್ಟು ದಿವ್ಸ ಆಯ್ತು?"

ದಿನವೂ ಬೆಳಗ್ಗೆ ತಪ್ಪದೆ ಎಣಿಸಿದ್ದ ಲೆಕ್ಕ. ನಾಲಿಗೆಯ ತುದಿಯಲ್ಲೇ ಇತ್ತು. ಜಗಲಿಯ ಮೇಲಿನಿಂದ ಕೋಮಲಾ ನೋಡುತ್ತಿದ್ದಳು. ಜೀಪಿನ ಹತ್ತಿರ ಜ್ಞಾನೇಶ್ ಫೋನಿಟ್ಟು ಈ ಕಡೆ ತಿರುಗಿದ್ದರು.

"ನಿನ್ನೆ," ಎಂದ. "ನಿನ್ನೆ ಸಾಯಂಕಾಲ."

ಕೋಮಲಾ ಕೂತಲ್ಲಿಂದಲೇ, "ನಿನ್ನೆ ನಾನು ಕುಡೀನೇ ಇಲ್ಲ ಕಣವ್ವ," ಎಂದಳು. "ಅಪ್ಪ ಕುರಿ ಹಿಂದೆ ಹೋಗಿತ್ತಲ್ಲ, ಕೆಡವೋರೇ ಇರ್ಲಿಲ್ಲ."

ಬೋರಕ್ಕನ ಮುಖದ ಬಿಗಿ ಸಡಿಲವಾಯಿತು. ಎರಡು ವರ್ಷದಲ್ಲಿ ಒಂದು ಮಾರು ದೂರಕ್ಕಿಂತ ಹತ್ತಿರ ಬಾರದಿದ್ದವಳು ಈಗ ಹತ್ತಿರ ಬಂದು, ಅವನ ತೋಳನ್ನು ಹಿಡಿದುಕೊಂಡಳು.

"ಹಂಗಾರೆ ನಿಮ್ಗೆ ಗೊತ್ತಾದ್ಮೇಲೆ ನನ್ ಮಗ್ಳು ಒಂದೂ ಕುಡ್ದಿಲ್ಲ ಬುಡಿ," ಎಂದಳು. "ಗೊತ್ತಿಲ್ದೆ ಆಗಿದ್ದಕ್ಕೆ ಯಾರೇನ್ ಮಾಡಕಾಯ್ತದೆ. ಗೊತ್ತಾದ ತಕ್ಷಣ ಓಡ್ಬಂದು ಹೇಳಿದ್ರಲ್ಲ. ನಿಮ್ ಮೇಲೆ ಪಾಪ ಇಲ್ಲ ಮೇಷ್ಟ್ರೇ."

ರೇಣುಕಪ್ರಸಾದ್ ಹೌದೆಂದು ತಲೆಯಾಡಿಸಿದ.